ಸೊಟ್ಟ ನಿಂತ ಕುದುರೆ

ಫ್ಯಾನು ಒಂದೊಂದು ಸುತ್ತಿಗೂ ಕಿರ್ ಅನ್ನುತ್ತದೆ, ಕಿರ್ ಅಂದಾಗಲೆಲ್ಲ ಆಟ ಬರೆದುಕೊಳ್ಳುವ ಹಾಳೆಯ ಮೂಲೆ ಎದ್ದು ಬೀಳುತ್ತದೆ, ಎದ್ದು ಬೀಳುತ್ತದೆ, ಹಾಳೆಯ ಆಚೆಗೆ ಬೋರ್ಡು, ಬೋರ್ಡಿನ ಮೇಲೆ ಬಿಳಿ ಕುದುರೆ — ಅಯ್ಯೋ ಶಿವನೇ, ಕುದುರೆ ನೆಟ್ಟಗೆ ನಿಂತಿದೆಯಲ್ಲ, ಒಂದು ಗಳಿಗೆ ಮುಂಚೆ ಸೊಟ್ಟ ನಿಂತಿತ್ತು, ಮೂತಿಯನ್ನು ಗೋಡೆ ಕಡೆ ತಿರುಗಿಸಿಕೊಂಡು, ತಿಂಡಿ ಬೇಡ ಅಂತ ಮುನಿಸಿಕೊಂಡ ಮಗು ಹಾಗೆ, ಅದನ್ನು ನೆಟ್ಟಗೆ ಮಾಡಿದ್ದು ಯಾರು, ಇನ್ಯಾರು ಮಾಡ್ತಾರೆ, ರತ್ನಳ ಬಲಗೈ, ಈಗ ನೋಡು ಏನೂ ಅರಿಯದ ಹಾಗೆ ತೊಡೆ ಕೆಳಗೆ ಸೇರಿಕೊಂಡಿದೆ, ಕಳ್ಳ ಮುಂಡೇದು. ಮುಟ್ಟಿತು. ಮುಟ್ಟೇಬಿಟ್ಟಿತು. ಚೆಸ್ಸಿನಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಸುಮ್ಮನೆ ಸರಿ ಮಾಡೋದಾದರೆ ಮೊದಲು ಅಡ್ಜಸ್ಟ್ ಅಂತ ಬಾಯಿ ಬಿಟ್ಟು ಹೇಳಬೇಕು, ಆಮೇಲೆ ಕೈ ಹಾಕಬೇಕು, ಇದು ರತ್ನಳಿಗೆ ಗೊತ್ತಿಲ್ಲವಾ, ಅವಳಿಗೆ ಗೊತ್ತಿರುವಷ್ಟು ಈ ಹಾಲಿನಲ್ಲಿ ಯಾರಿಗೂ ಗೊತ್ತಿಲ್ಲ, ಹನೂರಿನಲ್ಲಿ ಇದೇ ಕೈ ಇದೇ ಕೆಲಸ ಮಾಡಿ ಮಾನ ಕಳೆದಿತ್ತು. ಎದುರಿನ ಕುರ್ಚಿ ಖಾಲಿ. ಗುರುಪ್ರಕಾಶ್ ತನ್ನ ಆಟ ಆಡಿ, ಗಡಿಯಾರ ಒತ್ತಿ, ಟೀ ಕುಡ್ದು ಬತ್ತೀನಿ ಕಣಕ್ಕಾ ಅಂತ ಪಿಸುಗುಟ್ಟಿ ಊಟದ ಹಾಲಿನ ಕಡೆ ಹೋದ. ತೀರ್ಪು ಹೇಳುವ ಆರ್ಬಿಟರು ಎರಡನೇ ಮೇಜಿನ ಹತ್ತಿರ ಬಗ್ಗಿ ಏನೋ ಬರೀತಿದ್ದಾರೆ. ಪಕ್ಕದ ಮೇಜಿನವರು ತಂತಮ್ಮ ಬೋರ್ಡಿನೊಳಗೆ ಮುಳುಗಿದ್ದಾರೆ. ಯಾರೂ ನೋಡಿಲ್ಲ, ನೋಡಿದ್ದು ಕುದುರೆಯೊಂದೇ. ಗಡಿಯಾರದಲ್ಲಿ ಒಂಬತ್ತು ನಿಮಿಷ, ಎಂಟು ಐವತ್ತೆಂಟು, ಎಂಟು ಐವತ್ತೇಳು.

ಎಡಗಡೆಯ ಸಿಪಾಯಿಗೆ ಕೊನೇ ಸಾಲು ಇನ್ನೊಂದೇ ಮನೆ, ನೂಕಿದರೆ ರಾಣಿಯಾಗುತ್ತದೆ, ಅಲ್ಲಿಗೆ ಗುರುಪ್ರಕಾಶನ ಕಥೆ ಮುಗೀತು, ಹತ್ತು ವರ್ಷದ ಮಗು ಕೂಡ ನೂಕುತ್ತದೆ ಅದನ್ನ. ಕುದುರೆ ಕದಲಿಸಿದರೆ — ಮೂರು ಮನೆಗೆ ಹಾರಬಹುದು, ಮೂರೂ ಒಂದೇ — ಅದು ಕಾಯುತ್ತಿರುವ ಮನೆ ಬರಿದಾಗುತ್ತದೆ, ಕಪ್ಪು ರಾಣಿ ನೆಟ್ಟಗೆ ಬಂದು ಅಲ್ಲೇ ಕೂರುತ್ತಾಳೆ, ಬಿಳಿ ರಾಜನಿಗೆ ಅಲ್ಲಾಡಲು ಜಾಗವಿಲ್ಲ, ಸುತ್ತ ತನ್ನವೇ ಸಿಪಾಯಿಗಳು, ಅಲ್ಲಿಗೆ ಸೋತ ಹಾಗೇ. ರತ್ನಳಿಗೂ ಜಾಗವಿಲ್ಲ ಅನ್ನಿ, ಹದಿನಾಲ್ಕನೇ ಮೇಜನ್ನು ಕಲ್ಯಾಣಮಂಟಪದ ಮೂಲೆಗೆ ತಳ್ಳಿದ್ದಾರೆ, ಬೆನ್ನಿಗೆ ಗೋಡೆ, ಮಗ್ಗುಲಿಗೆ ಕಂಬ, ಏಳಬೇಕಂದರೆ ಮೇಜನ್ನೇ ಎತ್ತಬೇಕು. ಲಾರಿ ಸದ್ದು ಬೇಡ ಅಂತ ಕಿಟಕಿಗಳನ್ನೆಲ್ಲ ಜಡಿದಿದ್ದಾರೆ, ನಿನ್ನೆ ಮೊನ್ನೆ ಯಾರದೋ ಮದುವೆ ಆಗಿರಬೇಕು, ಬಾಡಿದ ಸೇವಂತಿಗೆ ವಾಸನೆ, ಅದರ ಜೊತೆಗೆ ಅವಳ ಕೈಯಿಂದಲೇ ಬರುವ ಇನ್ನೊಂದು ವಾಸನೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ರೇಷ್ಮೆ ಗೂಡಿನ ವಾಸನೆ. ಹತ್ತೊಂಬತ್ತು ವರ್ಷ. ನೂಲು ಬಿಚ್ಚುವ ಯೂನಿಟ್ಟಿನಲ್ಲಿ ಮೂರನೇ ಬೇಸಿನ್ನು. ಬಿಸಿನೀರಲ್ಲಿ ಗೂಡುಗಳು ಕುಣೀತಿರುತ್ತವೆ, ಒಂದೊಂದರಿಂದ ಒಂದೊಂದು ಎಳೆ ಎದ್ದು ಎಲ್ಲ ಸೇರಿ ಒಂದು ನೂಲಾಗಿ ಮೇಲೆ ಹೋಗುತ್ತಿರುತ್ತದೆ, ಯಾವುದೋ ಒಂದು ಗೂಡಿನ ಎಳೆ ಮುಗಿದರೆ ತಕ್ಷಣ ಇನ್ನೊಂದರ ತುದಿ ಹಿಡಿದು ಎಸೀಬೇಕು, ತಡವಾದರೆ ನೂಲು ಸಣ್ಣಗಾಯಿತು. ಸೇರಿದ ಹೊಸದರಲ್ಲಿ ಕೆಂಪಾಜಮ್ಮ ಹೇಳಿಕೊಟ್ಟಿದ್ದು, ಮೊದಲ ಬೇಸಿನ್ನಿನ ಹಿರೀಕಳು, ನೋಡ್ಕಂಡು ಮಾಡ್ತೀನಿ ಅಂದ್ರೆ ಆಯ್ತದಾ ಅಮ್ಮಣ್ಣೀ, ಕಣ್ ನೋಡಾದ್ಕೆ ಮುಂಚೆ ಕೈ ಓಗಿರ್ಬೇಕು. ಹೋಗುತ್ತದೆ. ಹತ್ತೊಂಬತ್ತು ವರ್ಷದಿಂದ ಕೈ ಮುಂಚೆ ಹೋಗುತ್ತಿದೆ, ಮನೆಯಲ್ಲೂ ಅಷ್ಟೇ, ಸೊಟ್ಟ ಇಟ್ಟ ಚಪ್ಪಲಿ, ಓರೆಯಾದ ಕ್ಯಾಲೆಂಡರು, ಗಂಡ ದೇವರಾಜು ಅಂಗಿಯ ಕಾಲರು, ಕಂಡ ಕಂಡದ್ದನ್ನೆಲ್ಲ ಸರಿ ಮಾಡುತ್ತದೆ, ಗಂಡ ನಗ್ತಾನೆ, ಆ ಕೈಗೊಂದು ಮೂಗುದಾರ ಹಾಕಮ್ಮೀ ಅಂತಾನೆ.

ಹನೂರಿನಲ್ಲಿ ಅವತ್ತು ಗೆಲ್ಲೋ ಆಟ. ಎದುರಿಗೆ ಬ್ಯಾಂಕಿನ ಸಾಹೇಬರು, ಬೆವರು ಒರೆಸಿಕೊಳ್ತಾ ಕೂತಿದ್ದರು, ಕುದುರೆ ಸೊಟ್ಟ ಕಂಡಿತು, ಕೈ ಹೋಯಿತು, ಮುಟ್ಟಿದ್ರಿ ಮೇಡಂ ಅಂದರು ಸಾಹೇಬರು, ಸರಿ ಮಾಡ್ದೆ ಸಾ ಅಂದಳು, ಹೇಳ್ಬೇಕಿತ್ತು ಅಂದರು, ಆರ್ಬಿಟರು ಬಂದರು, ಹೌದು ಹೇಳಬೇಕಿತ್ತು ಅಂದರು, ಕುದುರೆ ನಡೆಸಿದಳು, ಸೋತಳು. ಅವತ್ತಿಂದ ಹಿಡಿದ ಗ್ರಹಚಾರ. ಹನ್ನೊಂದು ಆಟ, ಒಂದು ಗೆಲುವಿಲ್ಲ. ಯಳಂದೂರಿನಲ್ಲಿ ಕಾಲು ನೆಲಕ್ಕೆ ಎಟುಕದ ಹುಡುಗಿಯೊಬ್ಬಳು ಕಾಲಾಡಿಸುತ್ತಾ ಆಡಿ ಇಪ್ಪತ್ತೇ ನಿಮಿಷಕ್ಕೆ ಮಣ್ಣು ಮುಕ್ಕಿಸಿದಳು, ಥ್ಯಾಂಕ್ಯೂ ಆಂಟಿ ಅಂದಳು, ಆಂಟಿಗೆ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಒಳ್ಳೇ ಬುದ್ಧಿ ಹೇಳುವವರಿಗೆ ಕಮ್ಮಿಯಾ, ಹದಿನೈದು ದಿನ ಬೋರ್ಡು ಮುಟ್ಟಬೇಡ ಅಂದರು, ಮುಟ್ಟಲಿಲ್ಲ, ದಿನಾ ಫೋನಿನಲ್ಲಿ ಹತ್ತು ಚೆಸ್ ಲೆಕ್ಕ ಬಿಡಿಸು ಅಂದರು, ಬುತ್ತಿ ಬಿಚ್ಚಿಟ್ಟುಕೊಂಡು ಎಡಗೈಯಲ್ಲಿ ಬಿಡಿಸಿದಳು, ಶುರುವಿನ ಆಟಾನೇ ಬದಲಾಯಿಸು ಅಂದರು, ಬದಲಾಯಿಸಿ ಇನ್ನೂ ಬೇಗ ಸೋತಳು. ಗುರುಪ್ರಕಾಶ್ ಮಾತ್ರ, ಯಳಂದೂರಿನ ಲೈನ್‌ಮ್ಯಾನು, ಈ ಸುತ್ತಮುತ್ತ ನಡೆಯೋ ಟೂರ್ನಿಗಳಲ್ಲೆಲ್ಲ ಸಿಗುವವನು, ಸೋತಿದ್ದೆಲ್ಲ ಒಂದು ಬುಕ್ಕಲ್ಲಿ ಬರ್ಕಳಿ ಅಕ್ಕಾ, ಯಾಕ್ ಸೋತ್ರಿ ಅಂತ ಒಂದೇ ಮಾತು, ನಂಗೂ ಇಂಗೇ ಒಂದ್ ವರ್ಸ ಇಡ್ದಿತ್ತು, ಓಯ್ತದೆ ಬುಡಿ. ಬರೆದಳು. ಕೈ. ಅವಸರ. ಕೈ. ಕೈ. ಭಯ. ಕೈ. ಆರು ಪುಟವಾದ ಮೇಲೆ ಬುಕ್ಕನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದಳು. ಅವತ್ತಿಂದಲೇ ಈ ತೊಡೆ ಕೆಳಗೆ ಕೈ ಇಟ್ಟುಕೊಂಡು ಆಡುವ ಪದ್ಧತಿ, ಜೋಮು ಹಿಡಿದರೂ ಸರಿ, ಇವತ್ತೂ ಎರಡೂವರೆ ಗಂಟೆ ಹಾಗೇ ಕೂತಿದ್ದಳು, ಗೆಲ್ಲುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಮೈ ಸಡಿಲವಾಯಿತು, ಖುಷಿಗೆ ಕೈ ಬಿಟ್ಟಳು, ಹಾಳು ಖುಷಿ.

ಬಾಯಿ ಮುಚ್ಚಿಕೊಂಡು ಸಿಪಾಯಿ ನೂಕು. ನೂಕೇ. ಏಳು ನಿಮಿಷ ಹತ್ತು. ಈ ಆಟ ಸೋತರೆ ಏನಾಗುತ್ತೆ ಅಂತ ಮಗಳು ಭವ್ಯ ನಿನ್ನೆಯೇ ಲೆಕ್ಕ ಹಾಕಿ ತೋರಿಸಿದ್ದಾಳೆ, ಅವ್ವಾ ಈಗ ನಿಂದು ರೇಟಿಂಗು ಸಾವಿರದ ನಾನೂರಾರು, ಸಾವಿರದ ನಾನೂರಕ್ಕಿಂತ ಕೆಳಕ್ ಬಂದ್ರೆ ಪಟ್ಟಿಯಿಂದ್ಲೇ ಹೆಸ್ರು ಓಯ್ತದೆ, ನಾಳೆ ಒಂದ್ ಡ್ರಾ ಆದ್ರೂ ಮಾಡ್ಕಂಡು ಬಾ. ಮನೆಯಲ್ಲಿರೋ ಬೋರ್ಡು ಮಗಳಿಗೆ ಸ್ಕೂಲಿನಲ್ಲಿ ಕೊಟ್ಟದ್ದು, ಭವ್ಯ ಎಂಟನೇ ಕ್ಲಾಸಿಗೆ ಬೇಜಾರಾಗಿ ಮೂಲೆಗೆ ಎಸೆದಳು, ಮೂಲೆಯಲ್ಲಿ ಸೊಟ್ಟ ಬಿದ್ದಿತ್ತು, ಸರಿ ಮಾಡೋಕೆ ಅಂತ ಎತ್ತಿಕೊಂಡವಳು ರತ್ನ, ಕೆಳಗಿಡಲೇ ಇಲ್ಲ. ಆಮೇಲೆ ಒಂದು ದಿನ ಮಗಳು ಫೋನು ಹಿಡಿದು ಓಡಿಬಂದಿದ್ದು, ಅವ್ವಾ ನೋಡಿಲ್ಲಿ, ಪ್ರಪಂಚದೋರೆಲ್ಲ ಇರೋ ಪಟ್ಟೀಲಿ ನೀನು. ರತ್ನ ಡಿ., ಮುಂದೆ ಇಂಡಿಯಾ, ಮುಂದೆ ಒಂದು ನಂಬರು. ರೇಷನ್ ಕಾರ್ಡಿನಲ್ಲಿ ದೇವರಾಜು ಹೆಂಡತಿ, ಯೂನಿಟ್ಟಿನಲ್ಲಿ ಮೂರನೇ ಬೇಸಿನ್ನು, ಸಂಘದಲ್ಲಿ ಭವ್ಯನ ತಾಯಿ, ಆ ಪಟ್ಟಿಯಲ್ಲಿ ಮಾತ್ರ ರತ್ನ, ಹಿಂದೆ ಮುಂದೆ ಯಾರೂ ಇಲ್ಲ. ಎಷ್ಟು ಸಲ ತೆಗೆದು ನೋಡಿದ್ದಾಳೋ, ಬಸ್ಸಿನಲ್ಲಿ, ಸ್ಟೋವಿನ ಮೇಲೆ ಅನ್ನ ಇಟ್ಟು, ಜ್ವರದಲ್ಲಿ ಮಲಗಿದಾಗ ಕೂಡ, ದೇವರಾಜು ಕೇಳಿದ್ದ, ಅದ್ರಾಗೆ ಏನ್ ಬಂದದೆ ಅಂತ ಪದೇಪದೇ ನೋಡೀಯೆ, ಬೈದದ್ದಲ್ಲ ಪಾಪ, ಇವತ್ತು ಬೆಳಗ್ಗೆ ತನ್ನ ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ಬಂದು ಬಿಟ್ಟವನು ಅವನೇ, ಗೆದ್ಕಂಡ್ ಬಾ ಹೋಗು ಅಂದ. ಆ ಹೆಸರು ಹೋದರೆ ರತ್ನ ಎಲ್ಲಿ ಉಳೀತಾಳೆ, ಬೇಸಿನ್ನಿನಲ್ಲಾ, ಬಿಸಿನೀರಲ್ಲಾ, ನಲವತ್ತೆರಡು ವರ್ಷಕ್ಕೆ ಇನ್ನೊಂದು ಸಲ ಆ ಪಟ್ಟಿ ಹತ್ತೋದು ಅಂದರೆ ಅದೇನು ಮನೆ ಅಟ್ಟವಾ. ಯಾರೂ ನೋಡಿಲ್ಲ ಕಣೇ. ನೂಕು.

ಆದರೆ ಕುದುರೆ ನೆಟ್ಟಗಿದೆ. ಗುರುಪ್ರಕಾಶ್ ಎದ್ದು ಹೋಗುವಾಗ ಸೊಟ್ಟ ಇತ್ತು, ಬಂದು ನೋಡಿದರೆ ನೆಟ್ಟಗಿರುತ್ತದೆ, ಗೊತ್ತಾಗುತ್ತಾ ಅವನಿಗೆ, ಕಂಬ ಹತ್ತಿ ತಂತಿ ನೋಡೋ ಕಣ್ಣು ಅದು, ಮತ್ತೆ ಸೊಟ್ಟ ಮಾಡಿಟ್ಟರೆ — ಸೊಟ್ಟ ಮಾಡೋಕೆ ಮತ್ತೆ ಮುಟ್ಟಬೇಕು, ಮೊದಲನೇದು ಕೈ ಮಾಡಿದ್ದು, ಎರಡನೇದು ರತ್ನಳೇ ಮಾಡೋದು, ಥೂ. ಆರು ನಿಮಿಷ. ಕೆಂಪಾಜಮ್ಮ ಇನ್ನೊಂದು ಮಾತು ಹೇಳಿದ್ದಳು, ಒಂದು ದಿನ ಎಳೆ ಮುಗಿದಿದ್ದನ್ನು ನೋಡಿಯೂ ರತ್ನ ನೋಡದ ಹಾಗೆ ಬಿಟ್ಟಿದ್ದಳು, ಸುಸ್ತಾಗಿತ್ತು, ಯಾರೂ ಕೇಳೋರಿರಲಿಲ್ಲ, ಮುದುಕಿ ಬಂದು ಕಿವಿ ಹಿಂಡಿದಳು, ನಿಜವಾಗಿಯೂ ಹಿಂಡಿದಳು, ನೀನ್ ಬುಟ್ಟಿದ್ದು ಇಲ್ಲಿ ಕಾಣಾಕಿಲ್ಲ ಕಣಮ್ಮೀ, ಮಗ್ಗದ ಮೇಲೆ ಆಕ್ದಾಗ ಅಲ್ಲೇ ಪಟ್ ಅಂತದೆ, ನೇಯೋನು ಯಾರ್ನ ಬಯ್ಬೇಕು ಆಗ. ಹನೂರಿನ ಸಾಹೇಬರನ್ನು ಬೈದಿದ್ದೇ ಬೈದಿದ್ದು ಇಷ್ಟು ತಿಂಗಳು, ನಾಲಗೆಗೆ ಬಂದಷ್ಟು ಬೈದಳು, ಬಟ್ಟೆ ಒಗೆಯುವಾಗ, ಪಾತ್ರೆ ಉಜ್ಜುವಾಗ, ಜಿಪುಣ, ಹೊಟ್ಟೆಕಿಚ್ಚಿನವನು, ಹೆಂಗಸಿಗೆ ಸೋಲಬೇಕಾಗುತ್ತೆ ಅಂತ ಹಿಡಿದ, ಅವರು ಹೇಳಿದ್ದರಲ್ಲಿ ತಪ್ಪೇನಿತ್ತು, ಮುಟ್ಟಿದ್ದು ನಿಜ, ಅದು ಇವತ್ತಿನ ತನಕ ಬಾಯಿಂದ ಬಂದಿಲ್ಲ, ಆ ಬುಕ್ಕಿನಲ್ಲೂ ಕೈ ಕೈ ಅಂತ ಬರೆದಳೇ ಹೊರತು ನಾನು ಅಂತ ಬರೆಯಲಿಲ್ಲ. ಉಸಿರು ಕಟ್ಟುತ್ತೆ, ಒಂದು ಕಿಟಕಿ ತೆಗೆದರೆ ಇವರ ಗಂಟೇನು ಹೋಗುತ್ತೆ. ಕುದುರೆ ನೆಟ್ಟಗೆ ನಿಂತು ಅವಳ ಕಡೆಗೇ ಬೆನ್ನು ಮಾಡಿದೆ.

ಎರಡು ಕಾಗದದ ಲೋಟ ಹಿಡಿದು ಗುರುಪ್ರಕಾಶ್ ಬಂದ, ಒಂದನ್ನು ಅವಳ ಕಡೆ ಇಟ್ಟ, ಶುಂಠಿ ಆಕ್ಸಿದೀನಿ ಅಂತ ಪಿಸುಮಾತು, ಕೂತ, ಗಡಿಯಾರ ನೋಡಿದ, ಇನ್ನೂ ಆಡಿಲ್ವಾ ಅಕ್ಕಾ ಅನ್ನೋ ಹಾಗೆ ಹುಬ್ಬೇರಿಸಿದ, ಬೋರ್ಡು ನೋಡಿದ, ಸಿಪಾಯಿಯನ್ನು ನೋಡಿದ, ತಾನು ಸೋತೆ ಅಂತ ಅವನಿಗೂ ಗೊತ್ತು, ಮುಖ ಸಪ್ಪಗಾಯಿತು, ಕುದುರೆ ಕಡೆ ತಿರುಗಿಯೂ ನೋಡಲಿಲ್ಲ. ನೋಡಲೇ ಇಲ್ಲ. ಹಾಗಾದರೆ ಉಳೀತು, ಹೆಸರು ಉಳೀತು, ನಾಲ್ಕು ನಿಮಿಷ ಇಪ್ಪತ್ತು, ನೂಕೇ — ಗುರೂ, ನಾನು ಕುದ್ರೆ ಮುಟ್ದೆ ಕಣಪ್ಪಾ. ಇದನ್ನು ಹೇಳಿದ್ದು ಯಾರು, ಅವಳದೇ ದನಿ, ಪಕ್ಕದ ಮೇಜಿನವನು ತಲೆ ಎತ್ತಿದ. ಯಾವಾಗ ಅಂದ ಗುರುಪ್ರಕಾಶ್. ನೀನ್ ಟೀಗೆ ಓದಾಗ, ಸೊಟ್ಟ ಇತ್ತು, ಸರಿ ಮಾಡ್ದೆ, ಏಳ್ಲಿಲ್ಲ. ಅವನು ಕುದುರೆಯನ್ನೂ ಅವಳನ್ನೂ ನೋಡಿ ನಕ್ಕುಬಿಟ್ಟ, ಒಳ್ಳೇ ಕೆಲ್ಸ ಆಯ್ತು, ನಾನ್ ನೋಡ್ಲಿಲ್ಲ, ಕೇಳೂ ಇಲ್ಲ, ನಿಮ್ ಆಟ ಆಡಿ ಅಕ್ಕಾ. ಬಿಟ್ಟುಕೊಟ್ಟ. ಎಷ್ಟು ಸಲೀಸಾಗಿ ಬಿಟ್ಟುಕೊಟ್ಟ, ಮುಟ್ಟಿದ್ರಿ ಅಂದಿದ್ದರೆ ಆಗಿತ್ತು, ಬೈದುಕೊಂಡಾದರೂ ಮನೆಗೆ ಹೋಗಬಹುದಿತ್ತು, ಈಗ ಬಾಗಿಲು ತೆಗೆದು ಪಕ್ಕಕ್ಕೆ ನಿಂತಿದ್ದಾನೆ, ಆಚೆ ಹೋಗೋಕೆ ಕಾಲು ಬರುತ್ತಿಲ್ಲ. ಸಿಪಾಯಿ ನೂಕಿದರೆ ಪಟ್ಟಿಯಲ್ಲಿ ಹೆಸರು ಇರುತ್ತದೆ, ಬಸ್ಸಿನಲ್ಲಿ ತೆಗೆದು ನೋಡಿದರೂ, ಅನ್ನ ಇಟ್ಟು ನೋಡಿದರೂ, ರತ್ನ ಡಿ., ಪಕ್ಕದಲ್ಲಿ ಶುಂಠಿ ಟೀ ಹಿಡಿದು ಗುರುಪ್ರಕಾಶ್, ಹಿಂದೆ ಮುಂದೆ ಯಾರೂ ಇಲ್ಲದ ಹೆಸರಿಗೆ ಇವನೊಬ್ಬ ಅಂಟಿಕೊಂಡ ಹಾಗಾಯಿತು. ಮೂರು ನಿಮಿಷ. ಆಡಿ ಅಕ್ಕಾ, ಟೈಮು. ಮೊದಲು ಕಣ್ಣು ಹೋಯಿತು. ಕುದುರೆಯ ಕಿವಿ, ಕುತ್ತಿಗೆ, ಅದು ಹಾರಬೇಕಾದ ಮನೆ, ಆಮೇಲೆ ಬರುವ ಕಪ್ಪು ರಾಣಿ, ಅದರ ಮೇಲೆ ಭವ್ಯನ ಮುಖ, ಎಲ್ಲ ನೋಡಿತು ಕಣ್ಣು, ಸಾವಕಾಶವಾಗಿ ನೋಡಿತು. ಅದರ ಹಿಂದೆ ಕೈ ಹೋಯಿತು. ಅಕ್ಕಾ ಬ್ಯಾಡ ಅಂತ ಗುರುಪ್ರಕಾಶ್ ಅರ್ಧ ಎದ್ದ. ಎತ್ತಿದಳು, ಇಟ್ಟಳು, ಗಡಿಯಾರ ಒತ್ತಿದಳು. ಅವನು ಮತ್ತೆ ಕೂತ, ರಾಣಿಯನ್ನು ಬೆರಳ ತುದಿಯಲ್ಲಿ, ಎಲ್ಲಿ ನೋವಾಗುತ್ತೋ ಅನ್ನುವ ಹಾಗೆ, ತಂದು ಬರಿದಾದ ಮನೆಯಲ್ಲಿ ಇಟ್ಟ. ಫ್ಯಾನು ಕಿರ್ ಅಂದಿತು, ಹಾಳೆಯ ಮೂಲೆ ಎದ್ದು ಬಿತ್ತು, ಎದ್ದು ಬಿತ್ತು, ಹಾಳೆಯ ಆಚೆಗೆ ಕುದುರೆ, ಅವಳೇ ಇಟ್ಟಿದ್ದು, ಸೊಟ್ಟ ನಿಂತಿದೆ, ಮೂತಿ ಗೋಡೆ ಕಡೆಗೆ. ಕೈ ಮಡಿಲಲ್ಲಿದೆ. ಕುದುರೆ ಸೊಟ್ಟ ನಿಂತಿದೆ. ಕೈ ಮಡಿಲಲ್ಲೇ ಇದೆ.