ಹೆಸರು ಕೆರೆದ ಮಾತ್ರೆ

ನಾನು ಫಿಟ್ಸ್ ಮಾತ್ರೆಗಳ ಒಂದು ಸ್ಟ್ರಿಪ್. ಕಾರ್ಖಾನೆಯ ಯಂತ್ರ ನನ್ನ ಹತ್ತು ಗೂಡುಗಳಲ್ಲಿ ಹತ್ತು ಬಿಳಿ ಮಾತ್ರೆ ಇಳಿಸಿ, ಬೆಳ್ಳಿಯಂಥ ಹಾಳೆ ಹೊದಿಸಿ, ಬೆನ್ನ ಮೇಲೆ ಹೆಸರು ಒತ್ತಿತು.

ಮದ್ದೂರಿನ ರತ್ನಮ್ಮ ನನ್ನನ್ನು ಕೊಂಡವರು. ಮದುವೆ ಗೊತ್ತಾಗಿದ್ದ ಮಗಳು ತೇಜಸ್ವಿನಿಗೆ ಫಿಟ್ಸ್ ಬಂದಿತ್ತು. ಗಂಡಿನ ಕಡೆಗೆ ತಿಳಿಯಬಾರದೆಂದು ಮೈಸೂರಿಗೆ ಹೋಗಿ ತೋರಿಸಿದ್ದರು. ಮನೆಗೆ ಬಂದೊಡನೆ ನನ್ನ ಹೆಸರನ್ನು ಉಗುರಿನಿಂದ ಕೆರೆದರು.

"ಯಾರಾದ್ರೂ ಕೇಳುದ್ರೆ ರಕ್ತ ಕಮ್ಮಿ, ಅದಕ್ಕೆ ಅನ್ನು."

"ಬಿಳೀ ಮಾತ್ರೆ ತಿಂದು ಕೆಂಪಾಯ್ತೀನಾ ಅವ್ವ?" ತೇಜು ನಕ್ಕಳು.

ನನ್ನ ಜೊತೆಗೇ ತಂದಿದ್ದ ಇನ್ನೊಂದು ಸ್ಟ್ರಿಪ್ ಮೊದಲು ಮುಗಿಯಿತು. ನನ್ನ ಮೂರನೆಯ ಮಾತ್ರೆಯ ದಿನ ಜ್ವರ ಬಂತು. ಮೈ, ಕಣ್ಣು ಕೆಂಪಾದವು, ಬಾಯೆಲ್ಲ ಹುಣ್ಣು. ಅತ್ತೆಯಾಗಬೇಕಿದ್ದ ಸಾಕಮ್ಮ ನೋಡಲು ಬಂದವರು ಅಲ್ಲೇ ಉಳಿದರು.

"ಅಮ್ಮ ಬಂದವ್ಳೆ ಕಣ್ ರತ್ನಮ್ಮ. ಔಷಧಿ ಮುಟ್ಟುಸ್ಬ್ಯಾಡಿ, ತಾಯಿ ಮುನಿಸ್ಕತಾಳೆ."

ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಡಾಕ್ಟರಿಗೆ ತೋರಿಸಲಿಲ್ಲ. ನನ್ನನ್ನು ಮಾತ್ರ ನಿಲ್ಲಿಸಲಿಲ್ಲ. ಬೀಗಿತ್ತಿಯ ಎದುರೇ ಫಿಟ್ಸ್ ಬಂದುಬಿಟ್ಟರೆ? ಸೆರಗಿನ ಮರೆಯಲ್ಲಿ ಇನ್ನೂ ಮೂರು ದಿನ, ಮೂರು ಮಾತ್ರೆ. ಬೇಡ ಎನ್ನಲು ನನಗೆ ದನಿಯಿರಲಿಲ್ಲ.

ಬೆನ್ನಿನ ಚರ್ಮ ಸೊಪ್ಪಿಗಂಟಿ ಕಿತ್ತುಬಂದಾಗ ಆಸ್ಪತ್ರೆಗೆ ಓಡಿದರು.

"ಇದು ಅಮ್ಮ ಅಲ್ಲ, ಯಾವುದೋ ಔಷಧಿ ಮೈಗೆ ಒಗ್ಗಿಲ್ಲ. ಲಿವರ್‌ಗೂ ಇಳಿದಿದೆ. ಯಾವುದಾದ್ರೂ ಮಾತ್ರೆ ಕೊಡ್ತಿದ್ರಾ? ನಿಲ್ಲಿಸದಿದ್ರೆ ಜೀವ ಉಳಿಯಲ್ಲ," ಎಂದರು ಡಾಕ್ಟರಮ್ಮ.

ಪಕ್ಕದಲ್ಲೇ ಸಾಕಮ್ಮ. "ಯಾವ್ದೂ ಇಲ್ಲ ಮೇಡಂ," ಎಂದರು ರತ್ನಮ್ಮ.

ಬಾಯಿ ತೆರೆಯಲಾಗದ ತೇಜು ತಾಯಿಯ ಬ್ಯಾಗಿಗೆ ಕೈಹಾಕಿ ನನ್ನನ್ನು ಎಳೆದು ತೆಗೆದಳು. ಡಾಕ್ಟರಮ್ಮ ತಿರುಗಿಸಿ ನೋಡಿದರು, ಹೆಸರಿಲ್ಲ. ರತ್ನಮ್ಮ ನೆಲ ನೋಡುತ್ತ "ಫಿಟ್ಸಿಂದು" ಎಂದರು. ಸಾಕಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ನನ್ನನ್ನು ಫೈಲಿಗೆ ಪಿನ್ ಹೊಡೆದರು.

ಜೀವ ಉಳಿಯಿತು. ಲಿವರ್ ಸುಧಾರಿಸಿತು. ಕಣ್ಣು ಸುಧಾರಿಸಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಒಂದು ಕಾರ್ಡಿನಲ್ಲಿ, ಮೈಸೂರಿನ ಡಾಕ್ಟರನ್ನು ಕೇಳಿ ತಿಳಿದ ಔಷಧಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, "ಯಾವ ಡಾಕ್ಟರ್ ಹತ್ರ ಹೋದ್ರೂ ಮೊದಲು ಇದನ್ನ ತೋರಿಸಿ," ಎಂದರು.

ಅವರು ಅತ್ತ ಹೋದೊಡನೆ ರತ್ನಮ್ಮ ಕಾರ್ಡನ್ನು ಮಡಚಿದರು. "ಯಾರ್ಗೂ ತೋರುಸ್ಬ್ಯಾಡ ಕಣವ್ವ. ಇನ್ನೊಂದು ಸಂಬಂಧ ಬರ್ಬೇಕು."

ತೇಜು ದನಿ ಬಂದ ಕಡೆಗೆ ಕೈ ಚಾಚಿದಳು. "ಕೊಡವ್ವ ಇತ್ಲಾಗಿ. ನಂಗೆ ಕಾಣಾಕಿಲ್ಲ, ಕಾಣೋರ್ ಕೈಗೆ ಕೊಡ್ತೀನಿ."

ಕೊಟ್ಟರೋ ಇಲ್ಲವೋ ನಾನು ನೋಡಲಿಲ್ಲ. ಅಷ್ಟರಲ್ಲಿ ನರ್ಸ್ ಫೈಲು ಮುಚ್ಚಿದಳು.

ನಾನೀಗ ಹಳೇ ಫೈಲುಗಳ ಕಪಾಟಿನಲ್ಲಿದ್ದೇನೆ. ನಾಲ್ಕು ಮಾತ್ರೆ ಉಳಿದಿವೆ. ನನ್ನ ಜೊತೆ ಹುಟ್ಟಿದವು ಎಷ್ಟೋ ಜನರನ್ನು ಕಾಪಾಡುತ್ತಿರಬಹುದು. ನಾನಿದ್ದಷ್ಟು ದಿನ ತೇಜುಗೂ ಒಂದೇ ಒಂದು ಸಲ ಫಿಟ್ಸ್ ಬರಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.