ಮೂರನೆಯ ಬಾಟಲಿ

ಬೆಳಗ್ಗೆ ಫ್ರಿಜ್ಜಿನ ಬಾಗಿಲು ತೆಗೆದವಳಿಗೆ ಎರಡೇ ಬಾಟಲಿ ಕಂಡವು. ಮೂರಿರಬೇಕಿತ್ತು. ಮೂರನೆಯದು ಅಡುಗೆ ಕಟ್ಟೆಯ ಮೇಲೆ ಖಾಲಿಯಾಗಿ, ಮುಚ್ಚಳ ಪಕ್ಕಕ್ಕಿಟ್ಟುಕೊಂಡು, ಏನೂ ಅರಿಯದ ಕೂಸಿನಂತೆ ನಿಂತಿತ್ತು.

ಅಪ್ಪ ಪೇಪರಿನಿಂದ ತಲೆ ಎತ್ತದೆಯೇ, "ಅದೆಂಥ ನೀರಮ್ಮ, ರುಚಿ ಅನ್ನೋದೇ ಇಲ್ಲ," ಎಂದರು.

"ಅದನ್ನ ಯಾಕಪ್ಪ ಕುಡಿದ್ರಿ?"

"ಮಾತ್ರೆ ನುಂಗೋಕೆ. ಶುದ್ಧ ನೀರು ಅಂತ ನೀನೇ ಬರೆದು ಅಂಟಿಸಿದ್ದೀಯ. ಪಕ್ಕದ್ದರ ಮೇಲೆ ಹೊಳೆ, ತೊಟ್ಟಿ ಅಂತಿತ್ತು, ಅವನ್ನ ಮುಟ್ಟಿಲ್ಲ. ನನಗೂ ಓದೋಕೆ ಬರುತ್ತೆ."

ಕಚೇರಿಯ ಫ್ರಿಜ್ಜು ಕೆಟ್ಟು, ರಿಪೇರಿಯ ಮಂಜೂರಾತಿ ನೆಂಟರ ಮನೆ ಸುತ್ತುವಂತೆ ಮೇಜಿಂದ ಮೇಜಿಗೆ ಸುತ್ತುತ್ತಿದ್ದುದರಿಂದ ಅವಳು ಬಾಟಲಿಗಳನ್ನು ಮನೆಗೆ ತಂದಿದ್ದಳು.

ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಅವಳಿಗೆ ಕಚೇರಿಯಲ್ಲಿ ಕಪ್ಪೆ ಮೇಡಂ ಎಂದೇ ಹೆಸರು. ಜಲಪಾತದ ಕೆಳಗಿನ ಹೊಳೆಯಲ್ಲಿ ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲುವ ಒಂದು ಬೂಸ್ಟು, ಅಂದರೆ ಶಿಲೀಂಧ್ರ, ಬಂದು, ಮಳೆಗಾಲದಲ್ಲೂ ದಂಡೆ ಮೂಕವಾಗಿತ್ತು. ಮೇಲಿನ ಹೊಳೆ ಮಾತ್ರ ಇನ್ನೂ ವಟಗುಟ್ಟುತ್ತಿತ್ತು; ಬೂಸ್ಟಿಗೆ ಜಲಪಾತ ಹತ್ತಲು ಬರುವುದಿಲ್ಲ. ಆದರೆ ಲಾರಿ ಹತ್ತಲು ಬರುತ್ತದೆ. ಗಾಳ ಹಾಕುವವರ ಸಂಘ ಭಾನುವಾರ ಮೇಲಿನ ಹೊಳೆಗೆ ಎಲ್ಲಿಂದಲೋ ತರಿಸಿದ ಮೀನುಮರಿಗಳನ್ನು ಬಿಡಲಿತ್ತು. ತಂದ ಮೇಲೆ ಮರಿಗಳು ಬೆಳೆದದ್ದು ಕೆಳಗಿನ ಹೊಳೆಯ ನೀರು ತುಂಬಿದ ತೊಟ್ಟಿಯಲ್ಲಿ. ಆ ತೊಟ್ಟಿಯಲ್ಲಿ ಬೂಸ್ಟಿದೆಯೆಂದು ಅವಳು ಸಾಬೀತು ಮಾಡಿದರೆ ಲಾರಿ ನಿಲ್ಲುತ್ತದೆ. ಇಲ್ಲದಿದ್ದರೆ ಇಲ್ಲ.

ಒಂದು ಬಾಟಲಿಯಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ಮೇಲಿನ ಹೊಳೆಯದು. ಮೂರನೆಯದನ್ನು ಲ್ಯಾಬಿನವರು ಬ್ಲ್ಯಾಂಕ್ ಎನ್ನುತ್ತಾರೆ. ಲ್ಯಾಬಿನ ಶುದ್ಧ ನೀರು. ಅದನ್ನು ಕೆಲಸದ ಜಾಗಕ್ಕೆ ಒಯ್ದು, ಅಲ್ಲಿ ಮುಚ್ಚಳ ತೆರೆದು, ಮುಚ್ಚಿ, ಅದೇ ಚೀಲದಲ್ಲಿ ವಾಪಸು ತರಬೇಕು. ಅದರಲ್ಲೂ ಬೂಸ್ಟು ಕಂಡರೆ ಅದು ಬಂದದ್ದು ಅವಳದೇ ಕೈಯಿಂದ, ಬೂಟಿನಿಂದ ಎಂದರ್ಥ. ಕಾಣದಿದ್ದರೆ ಉಳಿದ ಬಾಟಲಿಗಳ ಮಾತು ನಂಬಬಹುದು. ಏನೂ ಇಲ್ಲದಿರುವುದೇ ಅದರ ಉದ್ಯೋಗ. ಅದೀಗ ಅಪ್ಪನ ಹೊಟ್ಟೆಯಲ್ಲಿ ಬಿ.ಪಿ. ಮಾತ್ರೆಯ ಜೊತೆ ಇತ್ತು.

ಉಳಿದೆರಡನ್ನು ಲ್ಯಾಬಿಗೆ ಕೊಟ್ಟಳು. ಶುಕ್ರವಾರ ಫಲಿತಾಂಶ ಬಂತು. ಹೊಳೆ ಶುದ್ಧ, ತೊಟ್ಟಿಯಲ್ಲಿ ಬೂಸ್ಟು.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ಅವರು ಇಲ್ಲ ಎನ್ನುವ ಮುಂಚೆ ಯಾವಾಗಲೂ ಕನ್ನಡಕ ಒರೆಸುತ್ತಿದ್ದರು.

"ಬ್ಲ್ಯಾಂಕ್ ಎಲ್ಲಮ್ಮ?"

"ನಮ್ಮ ತಂದೆ ಕುಡಿದುಬಿಟ್ರು ಸರ್."

"ಆರೋಗ್ಯವಾಗಿದ್ದಾರಾ?"

"ಇದ್ದಾರೆ."

"ಅದನ್ನೇ ಫಲಿತಾಂಶ ಅಂತ ಬರೆಯೋಕಾಗಲ್ವಲ್ಲ. ಅವತ್ತು ನೀವು ಕೆಳಗಿನ ಹೊಳೆಗೂ ಇಳಿದಿದ್ರಿ. ಬೂಸ್ಟು ನಿಮ್ಮ ಬೂಟಿಂದಲೇ ಬಂತು ಅಂತ ಸಂಘದೋರು ಅಂದ್ರೆ? ಬ್ಲ್ಯಾಂಕ್ ಇಲ್ಲದ ವರದಿ ಹೊರಗೆ ಹೋಗಬಾರದು ಅಂತ ನಿಯಮ ಮಾಡಿಸಿದ್ದೂ ನೀವೇ. ಹೋದ ವರ್ಷ ಏಡಿ ಸಾಹೇಬರ ವರದಿ ವಾಪಸ್ ಕಳಿಸಿದ್ರಿ, ಜ್ಞಾಪಕ ಇದೆಯಾ?"

ಜ್ಞಾಪಕವಿತ್ತು. ಏಡಿಗಳ ಮೇಲೆ ಸಂಶೋಧನೆ ಮಾಡುವ ಆ ಸಹೋದ್ಯೋಗಿ ಅಂದಿನಿಂದ ಅವಳ ಜೊತೆ ಕಾಫಿಗೆ ಬರುವುದನ್ನೇ ಬಿಟ್ಟಿದ್ದ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಗೆ ಹೆಣ್ಣು ಗಂಡು ಎಂಬ ಭೇದವಿಲ್ಲ. ಮತ್ತೊಮ್ಮೆ ನೀರು ತಂದು ಪರೀಕ್ಷಿಸಲು ಭಾನುವಾರದೊಳಗೆ ಸಮಯವಿರಲಿಲ್ಲ.

ಉಳಿದದ್ದು ಭಾವ. ಅಕ್ಕನ ಗಂಡನೇ ಗಾಳದ ಸಂಘದ ಕಾರ್ಯದರ್ಶಿ. ಶನಿವಾರ ಅಪ್ಪನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದಳು.

"ಬಾರಮ್ಮ ಕಪ್ಪೆರಾಣಿ," ಎಂದ ಭಾವ, ಗಾಳದ ದಾರ ಸುತ್ತುತ್ತಲೇ. "ಮೀನಿಗೇನಾದ್ರೂ ಆಗುತ್ತಾ?"

"ಮೀನಿಗೇನೂ ಆಗಲ್ಲ ಭಾವ. ಕಪ್ಪೆಗಳು ಸಾಯ್ತವೆ."

"ಕಪ್ಪೆ ನಮ್ಮ ಸಂಘದ ಸದಸ್ಯ ಅಲ್ವಲ್ಲ."

"ಒಂದು ವಾರ ಮುಂದೆ ಹಾಕಿ. ಅಷ್ಟೇ ಕೇಳೋದು."

"ಕಾಗದ ತಾ, ಈಗಲೇ ನಿಲ್ಲಿಸ್ತೀನಿ. ಬಾಯಿಮಾತಿಗೆ ಲಾರಿ ನಿಲ್ಲಿಸಿದ್ರೆ, ನಾದಿನಿ ಕುಣಿಸಿದ ಹಾಗೆ ಕುಣಿತಾನೆ ಅಂತ ಸಂಘದಲ್ಲಿ ನಗ್ತಾರೆ."

ಅಪ್ಪ ಗಂಟಲು ಸರಿಮಾಡಿಕೊಂಡರು. "ಅಳಿಯಂದಿರೇ, ತಪ್ಪು ನಂದು. ನೀರು ನಾನು ಕುಡಿದೆ."

"ನೀವು ನೀರು ಕುಡಿದದ್ದು ತಪ್ಪಾ ಮಾವ? ಬಿಡಿ. ಕಾಫಿ ತಗೊಳ್ಳಿ."

ಅಕ್ಕ ಒಳಗಿನಿಂದ, "ಒಂದು ವಾರ ತಾನೇ, ಕೇಳಬಾರದೇನ್ರೀ?" ಎಂದಳು. ಭಾವನ ದಾರಕ್ಕೆ ಆಗಲೇ ಗಂಟು ಬಿತ್ತು. ಅದನ್ನು ಬಿಡಿಸುವುದರಲ್ಲಿ ಅವನ ಕಿವಿ ಕೆಲಸ ನಿಲ್ಲಿಸಿತು.

ಭಾನುವಾರ ಲಾರಿ ಬರುವ ಮುಂಚೆ ಅವಳು ಮೇಲಿನ ಹೊಳೆಯಲ್ಲಿದ್ದಳು. ತೊಳೆದು ಒಣಗಿಸಿದ ಬೂಟು, ಹೊಸ ಕೈಗವಸು. ಇನ್ನು ಅವಳಿಂದ ಆಗುವುದು ಇಷ್ಟೇ: ಇಂದಿನವರೆಗೆ ಈ ನೀರು ಹೇಗಿತ್ತೆಂದು ಯಾರೂ ಎದುರಾಡದಂತೆ ಹಿಡಿದಿಡುವುದು. ಕಲ್ಲುಗಳ ಸಂದಿಯಿಂದ ಕಪ್ಪೆಗಳು ಒಂದಕ್ಕೊಂದು ಅಡ್ಡಮಾತು ಹೇಳಿಕೊಳ್ಳುತ್ತಿದ್ದವು. ಅಪ್ಪ ದಂಡೆಯ ಮೇಲೆ ಬ್ಲ್ಯಾಂಕ್ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಈ ಸಲ ಅದರ ಮೇಲೆ ದಪ್ಪಕ್ಷರದಲ್ಲಿ 'ವಿಷ' ಎಂದು ಬರೆದಿತ್ತು.

"ಈಗ ತೆಗೀಲಾ?"

"ತೆಗೀರಿ. ಸ್ವಲ್ಪ ಹೊತ್ತು ಹಾಗೇ ಇರಲಿ. ಹ್ಞೂಂ, ಮುಚ್ಚಿ."

ಅಪ್ಪ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. ಆಮೇಲೆ ಇನ್ನೊಮ್ಮೆ ತಿರುಗಿಸಿದರು. ಕೆಳಗಿನ ತಿರುವಿನಲ್ಲಿ ಲಾರಿ ಗೇರು ಬದಲಿಸಿದ ಸದ್ದು ಕೇಳಿಸಿತು. ಕಪ್ಪೆಗಳು ಒಂದು ಗಳಿಗೆ ಸುಮ್ಮನಾಗಿ, ಮತ್ತೆ ಶುರುಮಾಡಿದವು.