ಅತ್ತೆಯನ್ನು ತಂತಿಯಿಂದ ಕಟ್ಟಬೇಡಿ

ಬಿರುಗಾಳಿ ಹೋದ ಮೇಲೆ ನಮ್ಮ ಪೋರ್ಟೊರಿಕೊದ ಗುಡ್ಡದ ರಸ್ತೆಗಳನ್ನು ತೆರವು ಮಾಡಲು ಯಾರೂ ಬರುವುದಿಲ್ಲ. ನಾವೇ ಮಾಡಬೇಕು. ಯಾಗ್ರುಮೊ ಮರ, ಬಿದಿರು, ಅವಕ್ಕೆ ಸುತ್ತಿಕೊಂಡ ಮುಳ್ಳುಬಳ್ಳಿ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಆಸ್ಪತ್ರೆಗೆ ಹೋಗಬೇಕಾದವರು ಮನೆಯಲ್ಲೇ ನರಳುತ್ತಿರುತ್ತಾರೆ. ಅದಕ್ಕೇ ಕಳೆದ ವರ್ಷ ಕೊಂಬೆ ಚೂರು ಮಾಡುವ ಯಂತ್ರವೊಂದನ್ನು ಬಾಡಿಗೆಗೆ ತಂದೆವು.

ಯಂತ್ರದ ಬಾಯಿಯ ಮೇಲೆ ಒಂದು ಅಡ್ಡಸರಳು ಇದೆ. ಅದನ್ನು ಒತ್ತಿದರೆ ಕೊಂಬೆಯನ್ನು ಒಳಗೆಳೆಯುವ ಉರುಳೆಗಳು ನಿಲ್ಲುತ್ತವೆ. ದೊಡ್ಡ ಕೊಂಬೆ ತಗುಲಿದರೂ ನಿಲ್ಲುತ್ತವೆ. ಗಳಿಗೆಗೊಮ್ಮೆ ಕೆಲಸ ನಿಲ್ಲುತ್ತಿತ್ತು. ಅಮ್ಮನ ತಮ್ಮ ಮೊಂಚೊ ಮಾವ ಆ ಸರಳಿಗೆ 'ಅತ್ತೆ' ಎಂದು ಹೆಸರಿಟ್ಟ.

"ನೆಮ್ಮದಿಯಾಗಿ ಒಂದು ಕೆಲ್ಸ ಮಾಡಕ್ಕೆ ಬಿಡಲ್ಲ. ನನ್ ಹೆಂಡ್ತಿ ತಾಯಿನೇ ಸರಿ ಇದು," ಎನ್ನುತ್ತ ಅದನ್ನು ತಂತಿಯಿಂದ ಬಿಗಿದ. "ಈಗ ನೋಡ್ರೋ, ಮುದುಕಿ ಬಾಯಿ ಕಟ್ಟಿದೀನಿ."

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ನನ್ನಣ್ಣ ಎಫ್ರಾಯಿನ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮುಳ್ಳು ಚುಚ್ಚದಿರಲೆಂದು ಅವನು ಮೊಣಕೈವರೆಗಿನ ಸಡಿಲ ಚರ್ಮದ ಕೈಗವಸು ಹಾಕಿದ್ದ. ಯಂತ್ರದ ಬಾಯಿಗೆ ನೇರ ಎದುರು ನಿಂತು ಕೊಂಬೆ ತಳ್ಳುತ್ತಿದ್ದ. ಕೊಂಬೆಗೆ ಸುತ್ತಿದ್ದ ಬಳ್ಳಿಯ ಇನ್ನೊಂದು ತುದಿ ಅವನ ಬಲಗೈ ಗವಸಿಗೆ ಸಿಕ್ಕಿಕೊಂಡಿತು. ಒಮ್ಮೆ "ಮಾವ" ಎಂದ. ಅಷ್ಟೆ. ಅವನ ಹೆಂಡತಿ ಇರಾಯ್ದಾಳಿಗೆ ನಾವು ತಂದುಕೊಟ್ಟದ್ದು ಎಡಗೈ ಗವಸು. ಶವಪೆಟ್ಟಿಗೆಯನ್ನು ಮುಚ್ಚಿಯೇ ಮಣ್ಣು ಮಾಡಿದೆವು.

ಎಫ್ರಾಯಿನ್ ಹುಷಾರಾಗಿರಬೇಕಿತ್ತು ಎಂದು ಆಮೇಲೆ ಊರೆಲ್ಲ ಹೇಳಿತು. ಹೆಚ್ಚು ಹೇಳಿದವನು ಮೊಂಚೊ ಮಾವ. ನನಗೆ ಅವನ ಹಲ್ಲು ಉದುರಿಸಬೇಕು ಅನಿಸುತ್ತಿತ್ತು.

ಯಂತ್ರದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪುಸ್ತಕ ನೇತಾಡುತ್ತಿತ್ತು. ಪೂರ್ತಿ ಇಂಗ್ಲಿಷಿನಲ್ಲಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವನಿಗೆ ಅದು ಏನು ಹೇಳೀತು? ಜೀವ ಉಳಿಸುವ ಮಾತನ್ನು ನಮಗೆ ಬಾರದ ಭಾಷೆಯಲ್ಲಿ ಬರೆದು ಕೈತೊಳೆದುಕೊಂಡಿದ್ದರು. ಇರಾಯ್ದಾ ಅತ್ತಿಗೆ ಅದನ್ನು ಶಾಲೆಯ ಟೀಚರಮ್ಮನಿಂದ ಸಾಲುಸಾಲಾಗಿ ಓದಿಸಿ, ನಮ್ಮ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡಳು.

ಈ ವರ್ಷ ಮತ್ತೆ ಬಿರುಗಾಳಿ, ಮತ್ತೆ ಅದೇ ಯಂತ್ರ. ಕೊಂಬೆ ತಳ್ಳುವ ಕೆಲಸ ಈ ಸಲ ನನ್ನದು. ಮಾವ ಜೇಬಿನಿಂದ ತಂತಿ ತೆಗೆದ. ಅಷ್ಟರಲ್ಲಿ ಅತ್ತಿಗೆ ಗುಡ್ಡ ಇಳಿದು ಬಂದಳು. ಕೈಯಲ್ಲಿ ಆ ಎಡಗೈ ಗವಸು.

"ಕಟ್ಬೇಡಿ ಮಾವ. ಚಾಗೊನೂ ಹೋಗ್ಬೇಕಾ?" ಎಂದು ನನ್ನತ್ತ ಕೈತೋರಿದಳು.

"ನೋಡವ್ವ, ನಿನ್ನ ದುಃಖ ನಂಗೊತ್ತು. ಆದ್ರೆ ಮೂವತ್ತು ವರ್ಷದಿಂದ ಯಂತ್ರದ ಜೊತೆ ಬಾಳ್ತಿರೋನು ನಾನು. ಅವನು ಸ್ವಲ್ಪ ಎಚ್ಚರ ಇಟ್ಕೊಂಡಿದ್ರೆ..."

"ಎಚ್ಚರ ಇತ್ತಲ್ಲ ಮಾವ. ನಿಮ್ಮನ್ನ ಕರೆದ್ನಲ್ಲ."

ಮಾವ ತಂತಿಯನ್ನು ಸರಳಿನ ಹತ್ತಿರ ಒಯ್ದ.

"ಆಯ್ತು, ಕಟ್ಟಿ," ಎಂದಳು ಅತ್ತಿಗೆ. "ಕಟ್ಟಿ ಪಕ್ಕದಲ್ಲೇ ನಿಂತ್ಕೊಳ್ಳಿ. ಉಳಿದೋರೆಲ್ಲ ದೂರ ಹೋಗಿ."

ಗವಸಿಗೆ ಬಳ್ಳಿಯ ಒಂದು ತುದಿ ಕಟ್ಟಿ ಅದನ್ನು ರಸ್ತೆಯ ಮೇಲೆ ಇಟ್ಟಳು. ಇನ್ನೊಂದು ತುದಿಯನ್ನು ಬಿದಿರಿಗೆ ಸುತ್ತಿದಳು. ಮಾವ ಸರಳನ್ನು ಬಿಗಿದ ಮೇಲೆ ನಾನು ಎಂಜಿನ್ ಶುರು ಮಾಡಿ ದೂರ ನಿಂತೆ. ಬಿದಿರನ್ನು ಬದಿಯಿಂದ ಯಂತ್ರಕ್ಕೆ ಕೊಟ್ಟು ಹಿಂದೆ ಸರಿದಳು.

"ಈಗ ನಿಲ್ಸಿ ಮಾವ."

ಬಳ್ಳಿ ಬಿಗಿಯಾಯಿತು. ಗವಸು ನೆಲ ಬಿಟ್ಟು ಎದ್ದಿತು. ಮಾವ ಸರಳನ್ನು ಒತ್ತಿದ. ಅಲುಗಲಿಲ್ಲ. ಎರಡೂ ಕೈಯಿಂದ ಒತ್ತಿದ. ಉಗುರಿನಿಂದ ತಂತಿ ಬಿಚ್ಚತೊಡಗಿದ. ಗವಸು ಅವನ ಕಣ್ಣೆದುರೇ ಒಳಗೆ ಹೋಯಿತು. ಆಚೆ ಬಿದ್ದ ಚೂರಿನಲ್ಲಿ ಚರ್ಮ ಯಾವುದು, ಬಿದಿರು ಯಾವುದು ತಿಳಿಯಲಿಲ್ಲ.

ನಾನು ಎಂಜಿನ್ ಆರಿಸಿದೆ.

"ಅವತ್ತೂ ಹಿಂಗೇ ಬಿಚ್ತಿದ್ದೆ," ಎಂದ ಮಾವ. "ಮೂರು ಸುತ್ತು ಸುತ್ತಿದ್ದೆ. ಎರಡು ಬಿಚ್ಚಿದ್ದೆ."

ಮಾವ ಉಳಿದ ತಂತಿಯನ್ನೂ ಕತ್ತರಿಸಿದ. "ಆ ಚೀಟಿ ಓದವ್ವ. ನಿಧಾನಕ್ಕೆ ಓದು," ಎಂದ. ಎರಡು ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಎಲ್ಲರೂ ಮನೆಗೆ ಹೋದೆವು.

ಓದುವವರೇ, ಈ ಪರೀಕ್ಷೆಯನ್ನು ನೀವು ಮಾಡಲು ಹೋಗಬೇಡಿ. ನಮ್ಮ ಗವಸು ಹೋದದ್ದು ಸಾಕು. ಚೀಟಿಯಲ್ಲಿದ್ದದ್ದನ್ನು ಮಾಡಿ. ಬಳ್ಳಿಯನ್ನು ಮೊದಲೇ ಮಚ್ಚಿನಿಂದ ತುಂಡು ಮಾಡಿ. ಬದಿಗೆ ನಿಂತು, ಕೊಂಬೆಯ ಬುಡ ಮುಂದಾಗಿ ಕೊಟ್ಟು, ಉರುಳೆ ಹಿಡಿದ ತಕ್ಷಣ ಕೈಬಿಡಿ. ಸಣ್ಣ ಚೂರುಗಳನ್ನು ಉದ್ದ ಕೋಲಿನಿಂದ ತಳ್ಳಿ. ಕೈಯಿಂದ ಬೇಡ, ಕಾಲಿನಿಂದಂತೂ ಬೇಡವೇ ಬೇಡ. ಗವಸು, ಅಂಗಿಯ ತೋಳು ಬಿಗಿಯಾಗಿರಲಿ, ಕೊರಳಲ್ಲಿ ಸರ ಬೇಡ, ಕಣ್ಣಿಗೆ ಕನ್ನಡಕ ಇರಲಿ. ಏನಾದರೂ ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿ, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಒಬ್ಬರೇ ಕೆಲಸ ಮಾಡಬೇಡಿ.

ಕೊಂಬೆ ಕೊಡುವ ಮೊದಲು, ಎಂಜಿನ್ ಓಡುತ್ತಿರುವಾಗ, ಬದಿಯಿಂದ ಸರಳನ್ನು ಒಮ್ಮೆ ಒತ್ತಿ ನೋಡಿ. ಉರುಳೆ ನಿಲ್ಲದಿದ್ದರೆ ಯಂತ್ರದ ಹತ್ತಿರ ಹೋಗಬೇಡಿ. ಮಾವ ಬೈದರೂ, ಧಣಿ ಬೈದರೂ ಹೋಗಬೇಡಿ. ರಸ್ತೆ ಇನ್ನೊಂದು ದಿನ ಮುಚ್ಚಿರಲಿ.